ಕಾಗದದ ಮೇಲಿನ ದಾಳಿಂಬೆಗೆ ನೀರು ಬಿಟ್ಟದ್ದು

ನಮ್ಮ ಮನೆಯ ಪಡ್ಡಿನ ಹಂಚಿನಲ್ಲಿ ಏಳು ಗುಳಿಗಳಿವೆ. ನನ್ನ ಹೆಂಡತಿ ಸರೋಜ ಆರಕ್ಕೆ ಮಾತ್ರ ಹಿಟ್ಟು ಹೊಯ್ಯುತ್ತಾಳೆ. ನಡುವಿನ ಗುಳಿ ಸದಾ ಖಾಲಿ. ಮನೆಗೆ ಬಂದವರು ಅಡುಗೆಮನೆಗೆ ಇಣುಕಿ, "ಅದೊಂದನ್ನ ಯಾಕಮ್ಮ ಬಿಟ್ಟಿದೀಯ?" ಎಂದು ಕೇಳಿದರೆ ಅವಳು ಸೌಟಿನ ತುದಿಯನ್ನು ನನ್ನ ಕಡೆ ತೋರಿಸುತ್ತಾಳೆ. ಉಳಿದದ್ದನ್ನು ನಾನು ಹೇಳಬೇಕು. ಹೇಳುವುದಕ್ಕೆ ನನಗೇನೂ ನಾಚಿಕೆಯಿಲ್ಲ. ಗೆದ್ದವನಿಗೆ ಎಂಥ ನಾಚಿಕೆ?

ಆ ಗುಳಿಯಲ್ಲಿ ನಾನೊಮ್ಮೆ ಕೆಂಪು ಬಣ್ಣ ಕಲಸಿದ್ದೆ. ತೊಳೆದಿದ್ದೇನೆ ಎಂದುಕೊಂಡಿದ್ದೆ, ತೊಳೆದಿರಲಿಲ್ಲ. ಮರುದಿನ ಬೆಳಿಗ್ಗೆ ಆರು ಪಡ್ಡುಗಳು ಪಡ್ಡಿನ ಹಾಗೆಯೇ ಎದ್ದವು, ಏಳನೆಯದು ಮಾತ್ರ ಮದುವಣಗಿತ್ತಿಯ ಕೆನ್ನೆಯ ಹಾಗೆ ಗುಲಾಬಿಯಾಗಿ ಎದ್ದಿತು. ಸರೋಜ ಅದನ್ನು ಎರಡೇ ಬೆರಳಲ್ಲಿ ಹಿಡಿದು ತಂದು ನನ್ನ ಮುಂದಿಟ್ಟಳು. "ಇದು ನಿಮ್ದು. ತಿನ್ನಬ್ಯಾಡ್ರಿ, ಗೋಡೆಗೆ ನೇತಾಕ್ಕಳ್ರಿ," ಎಂದಳು. ಒಂದು ಹಂಚಿನಲ್ಲಿ ಬಣ್ಣ ಕಲಸುವ ಬುದ್ಧಿ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಬಣ್ಣ ಕಲಸಲು ಗುಳಿಗಳಿರುವ ತಟ್ಟೆ ತನ್ನಿ ಎಂದು ನನಗೆ ಚಿತ್ರ ಕಲಿಸುವ ಟೀಚರ್ ಹೇಳಿದ್ದರು. ಚಿತ್ರದುರ್ಗ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವನಿಗೆ ಗುಳಿ ಎಂದರೆ ಪಡ್ಡಿನ ಹಂಚಲ್ಲದೆ ಬೇರೇನು ನೆನಪಾಗಬೇಕು? ಹಂಚು ಕಪ್ಪಗಿರುತ್ತದೆ, ಅದರಲ್ಲಿ ಯಾವ ಬಣ್ಣ ಕಲಸಿದರೂ ಕಪ್ಪೇ ಕಾಣುತ್ತದೆ ಎಂಬುದು ಕಲಸಿದ ಮೇಲೆ ಗೊತ್ತಾಯಿತು.

ನಾನು ಯಾರೆಂದು ಹೇಳದೆಯೇ ಮುಂದೆ ಹೋಗುತ್ತಿದ್ದೇನೆ, ಕ್ಷಮಿಸಿ. ಹೆಸರು ತಿಪ್ಪೇಸ್ವಾಮಿ. ಹುಟ್ಟಿದ್ದು ಯಲ್ಲದಕೆರೆಯಲ್ಲಿ, ಈಗಿರುವುದು ಹಿರಿಯೂರಿನಲ್ಲಿ. ಮಾರಿಕಣಿವೆಯ ನಾಲೆಯಲ್ಲಿ ನೀರಗಂಟಿಯಾಗಿ ಕೆಲಸ ಮಾಡಿ ನಿವೃತ್ತನಾದೆ. ಯಾವ ತೂಬು ಯಾವಾಗ ತೆರೆಯಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಯಾರ ಪಾಳಿ ಮುಗಿಯಿತು, ಯಾರದು ಶುರು, ಇದೇ ನನ್ನ ಜೀವನ. ನಿವೃತ್ತನಾದ ಮೇಲೆ ತಿರುಗಿಸಲು ತೂಬಿಲ್ಲ. ಮನೆಯ ನಲ್ಲಿಗಳನ್ನೇ ತಿರುಗಿಸುತ್ತಾ, ಸರೋಜ ಪಾತ್ರೆ ತೊಳೆಯುವಾಗ "ಸಾಕು, ನಿಲ್ಸು, ಜಾಸ್ತಿ ಹೋಗ್ತಾ ಐತೆ" ಎನ್ನುತ್ತಾ ನಿಂತಿರುತ್ತಿದ್ದೆ. ಮೂರನೇ ವಾರಕ್ಕೆ ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ, "ರೀ, ಎಲ್ಲಿಗಾದ್ರೂ ಹೋಗಿ ಏನಾದ್ರೂ ಕಲ್ತು ಬರ್ರಿ. ನಾಟಕ ಕಲೀರಿ, ಭಜನೆ ಕಲೀರಿ, ನನ್ನ ನಲ್ಲಿ ಬಿಟ್ಬಿಡ್ರಿ" ಎಂದು ಕೈಮುಗಿದಳು.

ಹೀಗೆ ಬೀದಿಗೆ ಬಿದ್ದವನ ಕಣ್ಣಿಗೆ ಒಂದು ಬೋರ್ಡು ಬಿತ್ತು: 'ಆರಂಭಿಕರಿಗೆ ಜಲವರ್ಣ. ಹಣ್ಣುಗಳ ಚಿತ್ರ. ಪ್ರತಿ ಶನಿವಾರ ಮಧ್ಯಾಹ್ನ.' ವರ್ಣದ ವಿಷಯ ನನಗೆ ಗೊತ್ತಿರಲಿಲ್ಲ. ಜಲದ ವಿಷಯ ನನಗಿಂತ ಚೆನ್ನಾಗಿ ಬಲ್ಲವರು ಈ ತಾಲ್ಲೂಕಿನಲ್ಲಿ ಯಾರಿದ್ದಾರೆ? ಅರ್ಧ ವಿದ್ಯೆ ಆಗಲೇ ಕೈಯಲ್ಲಿದೆ, ಇನ್ನರ್ಧ ಕಲಿತರಾಯಿತು ಎಂದು ಒಳಗೆ ಹೋದೆ. ಹನ್ನೊಂದು ಮಕ್ಕಳು ಚಾಪೆಯ ಮೇಲೆ ಕೂತಿದ್ದವು. ಮೀಸೆ ಇದ್ದವನು ನಾನೊಬ್ಬನೇ. ಟೀಚರ್ ವಸಂತಾ ಅವರು ನನ್ನನ್ನು ನೋಡಿ, "ಮೊಮ್ಮಗೂನ್ನ ಸೇರಿಸ್ಬೇಕಾ ಸರ್?" ಎಂದರು. "ಇಲ್ಲಮ್ಮ, ನಾನೇ" ಎಂದೆ. ಮಕ್ಕಳು ಕಿಸಕ್ಕನೆ ನಕ್ಕವು. "ಕುಂತ್ಕಳ್ರಿ ಹಂಗಾರೆ," ಎಂದು ಟೀಚರ್ ಚಾಪೆಯ ಅಂಚಿನಲ್ಲಿ ಜಾಗ ಮಾಡಿಕೊಟ್ಟರು. ಮಂಡಿ ನೋವಿನವನು ಕೂರಲು ತೆಗೆದುಕೊಂಡ ಸಮಯದಲ್ಲಿ ಪಕ್ಕದ ಹುಡುಗಿ ಒಂದು ಬಾಳೆಹಣ್ಣು ಬರೆದು ಮುಗಿಸಿದ್ದಳು.

ಆದರೆ ಅಲ್ಲಿಗೆ ಹೋಗಲು ನಲ್ಲಿ, ಬೋರ್ಡುಗಳೆಲ್ಲ ನೆಪ. ನಿಜವಾದ ಕಾರಣ ನಮ್ಮಕ್ಕ.

ನಮ್ಮ ಈರಕ್ಕ ನನಗಿಂತ ಐದು ವರ್ಷ ದೊಡ್ಡವಳು. ಯಲ್ಲದಕೆರೆಯಲ್ಲೇ ಕೊಟ್ಟಿದ್ದು, ಅಲ್ಲೇ ತೋಟ, ದಾಳಿಂಬೆ ಬೆಳೆಯುತ್ತಾಳೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಮೇಷ್ಟ್ರು ಮೇಜಿನ ಮೇಲೆ ಒಂದು ಮಾವಿನಹಣ್ಣು ಇಟ್ಟು ಬರೆಯಿರಿ ಎಂದಿದ್ದರು. ನಾನು ಪ್ರಾಣ ಒತ್ತೆಯಿಟ್ಟು ಬರೆದೆ. ಮನೆಗೆ ಬಂದು ಮೊದಲು ತೋರಿಸಿದ್ದು ಅಕ್ಕನಿಗೆ. ಅವಳು ರೊಟ್ಟಿ ತಟ್ಟುತ್ತಿದ್ದಳು. ಹಿಟ್ಟಿನ ಕೈಯನ್ನು ದೂರ ಹಿಡಿದು, ಕತ್ತು ಚಾಚಿ ನೋಡಿ, "ಅಯ್ ಚೆನ್ನಾಗೈತೆ ಕಣೋ. ಬದನೆಕಾಯಿ!" ಎಂದಳು. ಗೇಲಿ ಮಾಡಿದ್ದರೆ ಜಗಳವಾಡಿ ಸಮ ಮಾಡಿಕೊಳ್ಳುತ್ತಿದ್ದೆ. ಅವಳು ಗೇಲಿ ಮಾಡಲಿಲ್ಲ, ಮನಸಾರೆ ಹೊಗಳಿದಳು. ಅದೇ ನನ್ನ ಹೊಟ್ಟೆಗೆ ಬೆಂಕಿ ಹಾಕಿದ್ದು. ನಾನು ಅತ್ತುಬಿಟ್ಟೆ, ಮನೆಯವರೆಲ್ಲ ನಕ್ಕರು, ಅವತ್ತಿನಿಂದ ನನ್ನ ಹೆಸರು ಬದನೆಕಾಯಿ ಆಯಿತು. ಮದುವೆಯಲ್ಲಿ ಅಕ್ಷತೆ ಹಾಕುವಾಗ ಕೂಡ ಅಕ್ಕ, "ನಮ್ ಬದನೆಕಾಯಿಗೂ ಒಂದು ಹೆಣ್ಣು ಸಿಕ್ತಲ್ಲ" ಎಂದಳು. ಸರೋಜ ಆಮೇಲೆ ಮೂರು ದಿನ ಆ ಹೆಸರಿನ ಕಾರಣ ಕೇಳಿದಳು.

ನಲವತ್ತೆಂಟು ವರ್ಷ ಬದನೆಕಾಯಿಯಾಗಿ ಬದುಕಿದವನಿಗೆ ಒಂದೇ ಆಸೆ ಇತ್ತು. ನಾನೊಂದು ಹಣ್ಣು ಬರೆಯಬೇಕು. ಏನೂ ಹೇಳದೆ ಅಕ್ಕನ ಮುಂದೆ ಇಡಬೇಕು. ಅವಳು ನೋಡಿದ ಕೂಡಲೇ ಅದು ಇಂಥ ಹಣ್ಣೆಂದು ಹೇಳಬೇಕು. ಅಷ್ಟೇ. ಬಹುಮಾನ ಬೇಡ, ಸನ್ಮಾನ ಬೇಡ. ಸಾಯುವ ಮೊದಲು ಒಂದು ಸಲ ನಮ್ಮಕ್ಕನ ಬಾಯಲ್ಲಿ ಸರಿಯಾದ ಹೆಸರು ಬರಬೇಕಿತ್ತು.

ಅಕ್ಕ ಕೆಟ್ಟವಳೆಂದು ತಿಳಿಯಬೇಡಿ. ನನಗೆ ಬಣ್ಣದ ರುಚಿ ಹತ್ತಿಸಿದವಳೇ ಅವಳು. ಬೇಲಿಯ ಪಾಪಾಸುಕಳ್ಳಿ ಹಣ್ಣನ್ನು ಕಡ್ಡಿಯಿಂದ ಕೆಡವಿ, ಒರಟು ಮರಳಲ್ಲಿ ಉರುಳಿಸಿ ಉರುಳಿಸಿ ಮುಳ್ಳು ತೆಗೆದು, ಬಿಡಿಸಿ ಕೊಡುತ್ತಿದ್ದಳು. ಆ ರಸದ ಬಣ್ಣ ಈಗಿನ ಯಾವ ಪೆಟ್ಟಿಗೆಯಲ್ಲೂ ಸಿಕ್ಕುವುದಿಲ್ಲ. ನಾನು ಅದನ್ನು ಬೆರಳಲ್ಲಿ ಅದ್ದಿ ಸುಣ್ಣದ ಗೋಡೆಯ ಮೇಲೆ ಕೋಳಿ, ಕುರಿ, ಅಪ್ಪನ ಮೀಸೆ ಎಲ್ಲ ಬರೆಯುತ್ತಿದ್ದೆ. ಏಟು ಬೀಳುವ ಹೊತ್ತಿಗೆ ಅಕ್ಕ ಅಡ್ಡ ಬರುತ್ತಿದ್ದಳು. ತುಟಿಗೆ ಚುಚ್ಚಿದ ಕಳ್ಳಿಯ ಸೂಕ್ಷ್ಮ ಮುಳ್ಳುಗಳನ್ನು ನನ್ನ ಮುಖವನ್ನು ಬಿಸಿಲಿಗೆ ತಿರುಗಿಸಿ ಒಂದೊಂದಾಗಿ ಕೀಳುತ್ತಿದ್ದಳು. ಅಂಥ ಕಣ್ಣು ಅವಳದು. ಆ ಕಣ್ಣಿಗೆ ನನ್ನ ಮಾವಿನಹಣ್ಣು ಬದನೆಕಾಯಿಯಾಗಿ ಕಂಡಿತ್ತಲ್ಲ, ಅದಕ್ಕೇ ಅಷ್ಟು ನೋವಾದದ್ದು.

ಸರಿ, ತರಗತಿಗೆ ಬರೋಣ. ಜಲವರ್ಣದಲ್ಲಿ ಬಿಳಿ ಬಣ್ಣ ಹಚ್ಚುವುದಿಲ್ಲವಂತೆ. ಹಣ್ಣಿನ ಮೇಲೆ ಬೆಳಕು ಬಿದ್ದು ಹೊಳೆಯುವ ಜಾಗವಿರುತ್ತದಲ್ಲ, ಅಲ್ಲಿ ಕಾಗದವನ್ನು ಒಣದಾಗಿಯೇ ಬಿಟ್ಟುಬಿಡಬೇಕು. ಕಾಗದದ ಬಿಳಿಯೇ ಹೊಳಪು. ಟೀಚರ್ ಇದನ್ನು ಹೇಳಿದಾಗ ಮಕ್ಕಳೆಲ್ಲ ತಲೆಯಾಡಿಸಿ ಬಿಟ್ಟವು. ನನಗೆ ಬಿಡಲಾಗಲಿಲ್ಲ. ನೀವೇ ಹೇಳಿ, ಕಾಲುವೆಯ ಕೊನೆಯ ಗದ್ದೆಯ ಕೊನೆಯ ಮೂಲೆ ಒಣಗಿದ್ದರೂ ರೈತ ಗುದ್ದಲಿ ಹಿಡಿದು ನನ್ನ ಮನೆಯ ಮುಂದೆ ನಿಲ್ಲುತ್ತಿದ್ದ. ಒಂದು ಅಂಗುಲ ಬಿಡದೆ ನೀರು ಮುಟ್ಟಿಸುವುದೇ ನನ್ನ ಧರ್ಮವಾಗಿತ್ತು. ಕುಂಚ ಹಿಡಿದ ಕೈ ತಾನಾಗಿಯೇ ಆ ಬಿಳಿ ಜಾಗಕ್ಕೆ ಹೋಗಿ ನೀರು ಹಾಯಿಸಿಬಿಡುತ್ತಿತ್ತು.

"ತಿಪ್ಪೇಸ್ವಾಮಿಯೋರೆ, ಅದೊಂದು ಚೂರು ಒಣಗಲಿ ಬಿಡ್ರಿ," ಎನ್ನುತ್ತಿದ್ದರು ಟೀಚರ್.

"ಬಿಡ್ತೀನಿ ಟೀಚರ್," ಎಂದು ಹೇಳುವಷ್ಟರಲ್ಲೇ ಬಿಟ್ಟಿರುತ್ತಿದ್ದೆ, ಜಾಗವನ್ನಲ್ಲ, ನೀರನ್ನು. ನನ್ನ ಸಪೋಟ ಆಲೂಗಡ್ಡೆಯಾಯಿತು. ನನ್ನ ಸೀಬೆ ಕೆರೆಯಾಯಿತು. ಪಕ್ಕದ ಹುಡುಗಿ ನನ್ನ ಕಾಗದವನ್ನು ನೋಡಿ, "ತಾತ, ನಿಮ್ಮ ಹಣ್ಣು ಮುಳುಗೋಯ್ತು" ಎಂದು ಮರುಗಿದಳು.

ಮನೆಯಲ್ಲಿ ಅಭ್ಯಾಸ ಮಾಡೋಣವೆಂದರೆ ಅಲ್ಲಿ ಇನ್ನೊಂದು ಪೀಡೆ. ಹಣ್ಣನ್ನು ಕಿಟಕಿಯ ಬೆಳಕಿಗೆ ತಟ್ಟೆಯಲ್ಲಿಟ್ಟು ನೋಡಿ ಬರೆಯಬೇಕು. ನಾನು ನಡುಮನೆಯ ಸ್ಟೂಲಿನ ಮೇಲೆ ಇಟ್ಟೆ. ನಮ್ಮ ಕಡೆ ನಡುಮನೆಯ ಸ್ಟೂಲಿನ ಮೇಲೆ ತಟ್ಟೆಯಲ್ಲಿ ಹಣ್ಣಿಟ್ಟರೆ ಅದು ಬಂದವರಿಗೆ ಇಟ್ಟದ್ದು. ಬಂದವರು ತಿನ್ನದಿದ್ದರೆ ಮನೆಯವರಿಗೆ ಅವಮಾನ. ನನ್ನ ಜೊತೆ ತೂಬಿನಲ್ಲಿ ಕೆಲಸ ಮಾಡಿದ ಹನುಮಂತಪ್ಪ ದಿನಾ ಸಂಜೆ ಬರುವವನು. ಮರ್ಯಾದಸ್ಥ. ಮೊದಲ ದಿನ ಬಾಳೆಹಣ್ಣು ಮುಗಿಸಿದ. ಎರಡನೇ ದಿನ ಸಪೋಟ. ಮೂರನೇ ದಿನ ನಾನು ಬಾಯಿಬಿಟ್ಟು, "ಅದು ತಿನ್ನಾಕಲ್ಲ ಕಣಪ್ಪ, ನೋಡಾಕೆ" ಎಂದೆ. ಅವನು ಹಣ್ಣನ್ನು ಕೈಗೆತ್ತಿಕೊಂಡು ಸುತ್ತ ತಿರುಗಿಸಿ ನೋಡಿ, "ನೋಡ್ದೆ ಬಿಡು" ಎಂದು ಕಚ್ಚಿದ.

ಇಷ್ಟಾದರೂ ಎರಡು ತಿಂಗಳಿಗೆ ಒಂದು ದಾಳಿಂಬೆ ಬರೆದೆ. ನನ್ನ ಮಟ್ಟಿಗೆ ಅದ್ಭುತವಾಗಿತ್ತು. ಫೋಟೋ ತೆಗೆದು, ಒಂದಕ್ಷರ ಬರೆಯದೆ, ಅಕ್ಕನ ಫೋನಿಗೆ ಕಳಿಸಿದೆ. ಅರ್ಧ ಗಂಟೆಯ ಮೇಲೆ ಅವಳ ದನಿ ಬಂತು: "ಈರುಳ್ಳಿ ಬಲೇ ಚೆನ್ನಾಗೈತೆ ಕಣೋ ಬದನೆಕಾಯಿ. ಯಾರ ಹೊಲದ್ದು?"

ಆ ದಿನ ನಾನು ಊಟ ಮಾಡಲಿಲ್ಲ. ಕುಂಚಗಳನ್ನೆಲ್ಲ ಕಟ್ಟಿ ಅಟ್ಟಕ್ಕೆಸೆದೆ. ಎಲ್ಲರ ಮೇಲೂ ಸಿಟ್ಟು ಬಂತು, ದಾಳಿಂಬೆಯ ಮೇಲೂ.

ಮರುದಿನ ಬೆಳಿಗ್ಗೆ ಸರೋಜ ಅಂಗಳಕ್ಕೆ ನೀರು ಹಾಕುತ್ತಿದ್ದಳು. ನಾನು ಹೊಸ್ತಿಲ ಮೇಲೆ ಮುಖ ಗಂಟಿಕ್ಕಿ ಕೂತಿದ್ದೆ. ಸಿಮೆಂಟಿನ ಮೇಲೆ ನೀರು ಹರಡುತ್ತ ಬಂತು. ಬಂದು ಒಂದು ಕಡೆ ನಿಂತುಬಿಟ್ಟಿತು. ಆಚೆ ಒಣ ನೆಲ, ಈಚೆ ನೀರು ಅಂಚು ಕಟ್ಟಿಕೊಂಡು ಉಬ್ಬಿ ನಿಂತಿದೆ, ಒಂದು ಹನಿ ಮುಂದೆ ಹೋಗುತ್ತಿಲ್ಲ. ನಾನು ಅದನ್ನೇ ನೋಡಿದೆ. ಆಮೇಲೆ, "ಬದು!" ಎಂದು ಕೂಗಿಕೊಂಡೆ. ಸರೋಜ ಬೆಚ್ಚಿ ಬಿಂದಿಗೆ ಬಿಟ್ಟಳು.

ಅಲ್ಲಾ ಸ್ವಾಮಿ, ಇಷ್ಟು ವರ್ಷ ನಾನು ಮಾಡಿದ್ದೇನು? ನೀರನ್ನು ಹರಿಸಿದ್ದು ಮಾತ್ರವೇ? ನಿಲ್ಲಿಸಿದ್ದೂ ನಾನೇ ಅಲ್ಲವೇ? ಒಣಗಿದ ಕಾಗದವೇ ಬದು. ಬಣ್ಣದ ನೀರು ಅಲ್ಲಿಯವರೆಗೆ ಬಂದು ನಿಲ್ಲುತ್ತದೆ. ಇನ್ನು ಆ ಬಿಳಿ ಜಾಗ? ಅದು ಪಾಳಿ ಇಲ್ಲದ ಗದ್ದೆ. ಅದರ ಯಜಮಾನ ಗುದ್ದಲಿ ತಂದರೂ ಸರಿಯೇ, ಕೊಡಲಿ ತಂದರೂ ಸರಿಯೇ, ಇವತ್ತು ಅವನಿಗೆ ನೀರಿಲ್ಲ. ಮೊದಲ ನೀರು ಇಂಗಿ ಒಣಗುವ ತನಕ ಎರಡನೇ ನೀರು ಬಿಡಬಾರದೆಂದು ಟೀಚರ್ ತಲೆ ಚಚ್ಚಿಕೊಂಡು ಹೇಳಿದ್ದು ಕೂಡ ನಾನು ಊರಿಗೆಲ್ಲ ಹೇಳಿಕೊಂಡು ಬಂದ ಮಾತೇ. ಅಟ್ಟದಿಂದ ಕುಂಚ ಇಳಿಸಿದೆ. ಪಡ್ಡಿನ ಹಂಚಿನ ಕಡೆ ನೋಡಲೂ ಇಲ್ಲ, ಬಿಳಿ ಪಿಂಗಾಣಿ ತಟ್ಟೆ ತೆಗೆದುಕೊಂಡೆ. ಮುಂದಿನ ಶನಿವಾರ ನಾನು ಬರೆದ ಸೀಬೆಹಣ್ಣನ್ನು ಟೀಚರ್ ಮಕ್ಕಳಿಗೆಲ್ಲ ಎತ್ತಿ ತೋರಿಸಿದರು. ಪಕ್ಕದ ಹುಡುಗಿ, "ತಾತ, ಈಸ್ತಾ ಐತೆ" ಎಂದಳು. ಮುಳುಗದೆ ಈಜುತ್ತಿದೆ ಎಂಬುದು ಅವಳ ಮೆಚ್ಚುಗೆ.

ಈಗ ನನಗೆ ತಕ್ಕ ಹಣ್ಣು ಬೇಕಿತ್ತು. ಅಂಗಡಿಯ ದಾಳಿಂಬೆಗಳು ಒಂದೇ ಥರ ಇರುತ್ತವೆ, ಮುಖವಿರುವುದಿಲ್ಲ. ನೆಪ ಮಾಡಿಕೊಂಡು ಯಲ್ಲದಕೆರೆಗೆ ಹೋದೆ. ಅಕ್ಕ ಕಾಫಿ ಕಾಯಿಸಲು ಒಳಗೆ ಹೋದಾಗ ತೋಟಕ್ಕೆ ನುಗ್ಗಿದೆ. ಬೋರಿನ ಮೋಟಾರ್ ಮನೆಯ ಪಕ್ಕದ ಸಾಲಿನಲ್ಲಿ, ಕೊನೆಯ ಗಿಡದಲ್ಲಿ, ನನ್ನ ಹಣ್ಣು ನೇತಾಡುತ್ತಿತ್ತು. ಒಂದು ಕೆನ್ನೆ ಸಂಜೆ ಬಿಸಿಲು ತಿಂದು ಕಂದುಗಟ್ಟಿತ್ತು. ಇನ್ನೊಂದು ಕಡೆ ಹಳದಿ, ಅದರಲ್ಲಿ ಕೆಂಪು ಈಗಷ್ಟೇ ಏರುತ್ತಿತ್ತು. ಮೈಮೇಲೆ ಗಿಡದ ಮುಳ್ಳು ಉಜ್ಜಿದ ಒಂದು ಗೆರೆ. ತುದಿಯ ಕಿರೀಟದಲ್ಲಿ ಒಂದು ಹಲ್ಲು ಮುರಿದಿತ್ತು. ಕೇಳಿದ್ದರೆ ಅಕ್ಕ ಒಂದು ಚೀಲ ಹಣ್ಣು ಕೊಡುತ್ತಿದ್ದಳು. ಆದರೆ ಹದಕ್ಕೆ ಬಾರದ ಹಣ್ಣನ್ನು ಹೆತ್ತ ಮಗನಿಗೂ ಮುಟ್ಟಲು ಬಿಡುವವಳಲ್ಲ. ಅದಕ್ಕೇ ಸುತ್ತ ನೋಡಿ, ಕಿತ್ತು, ಛತ್ರಿಯೊಳಗೆ ಇಳಿಬಿಟ್ಟುಕೊಂಡೆ. ಕಾಫಿ ಕುಡಿಯುವಾಗ ಆಕಾಶ ಶುಭ್ರವಾಗಿತ್ತು. "ಈ ಬಿಸಿಲಾಗೆ ಛತ್ರಿ ಯಾಕೋ ತಬ್ಕಂಡಿದೀಯ?" ಎಂದು ಅಕ್ಕ ಕೇಳಿದಳು. "ಬಿಸ್ಲಿಗೇ ಕಣಕ್ಕ" ಎಂದೆ.

ಹಣ್ಣನ್ನು ಹನುಮಂತಪ್ಪನಿಂದ ಕಾಪಾಡುವುದು ಮುಂದಿನ ಕೆಲಸ. ಉಪಾಯ ಸರೋಜಳದು. ತಟ್ಟೆಯಲ್ಲಿ ದಾಳಿಂಬೆಯ ಪಕ್ಕಕ್ಕೆ ಒಂದು ನಿಂಬೆಹಣ್ಣು ಕುಯ್ದು, ಕುಂಕುಮ ತುಂಬಿ ಇಟ್ಟಳು. ಸಂಜೆ ಹನುಮಂತಪ್ಪ ಒಳಗೆ ಬಂದು ಕೈ ಚಾಚಿದವನು, ಹಾವು ಕಂಡವನ ಹಾಗೆ ಹಿಂದಕ್ಕೆ ಜಿಗಿದ. ಮರುದಿನ ಗೇಟಿನಲ್ಲೇ ನಿಂತು ಒಂದು ತಾಯತ ಕೊಟ್ಟು, "ಕಟ್ಕೋ ತಿಪ್ಪೇಸ್ವಾಮಿ. ಯಾರು ಮಾಡ್ಸಿದಾರೋ ಏನೋ," ಎಂದು ಪಿಸುಗುಟ್ಟಿ ಹೋದ. ಬೀದಿಯ ಜನ ಮೂರು ದಿನ ನಮ್ಮ ಮನೆ ಬಿಟ್ಟು ಆಚೆ ಬದಿಯಲ್ಲೇ ನಡೆದರು. ನನಗೂ ಅದೇ ಬೇಕಿತ್ತು. ಆ ಮೂರು ದಿನ ನಾನು ಬರೆದೆ.

ಮೊದಲ ದಿನ ಹಳದಿ ನೀರು ಬಿಟ್ಟೆ, ಎರಡೂ ಬೆರೆಯಬೇಕಾದ್ದರಿಂದ ಇಲ್ಲಿ ಮಾತ್ರ ಅದರ ತೇವ ಆರುವ ಮೊದಲೇ ಒಂದು ಬದಿಯಿಂದ ಕೆಂಪು ಹಾಯಿಸಿದೆ. ಅದು ತಾನೇ ದಾರಿ ಹುಡುಕಿಕೊಂಡು ಹೋಯಿತು. ಹೊಳಪಿನ ಜಾಗದ ಅಂಚಿಗೆ ಬಂದು ನಿಂತಿತು. ನನ್ನ ಕೈ ತುರಿಸಿತು. "ನಿನ್ನ ಪಾಳಿ ಇಲ್ಲ, ಸುಮ್ನಿರು" ಎಂದು ಆ ಬಿಳಿಗೆ ಜೋರಾಗಿ ಹೇಳಿದೆ. ಎರಡನೇ ದಿನ ಕಂದು ಕೆನ್ನೆ, ಮುಳ್ಳಿನ ಗೆರೆ. ಮೂರನೇ ದಿನ ಕಿರೀಟ, ಮುರಿದ ಹಲ್ಲು, ತಟ್ಟೆಯ ಮೇಲಿನ ನೆರಳು. ಮುಗಿಸಿ ದೂರ ನಿಂತು ನೋಡಿದೆ. ಸರೋಜ ಕೈ ಒರೆಸುತ್ತಾ ಬಂದು ನೋಡಿದಳು. ತಟ್ಟೆಯ ಹಣ್ಣನ್ನೂ ನೋಡಿದಳು. "ತಿನ್ನಾಕೆ ಯಾವ್ದನ್ನ ಬಿಡಿಸ್ಲಿ?" ಎಂದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ನನಗೆ ಹೇಳಿದ ಅತಿ ಒಳ್ಳೆಯ ಮಾತು ಅದು.

ಆದರೆ ತೀರ್ಪು ಕೊಡಬೇಕಾದವಳು ಯಲ್ಲದಕೆರೆಯಲ್ಲಿದ್ದಳು. ಮುಂದಿನ ಸೋಮವಾರ ಡ್ರಿಪ್ ಪೈಪಿನ ಸಾಮಾನು ಕೊಳ್ಳಲು ಅಕ್ಕ ಹಿರಿಯೂರಿಗೆ ಬಂದಳು. ಚಿತ್ರವನ್ನು ಕ್ಯಾಲೆಂಡರಿನ ಪಕ್ಕ ಸಿಕ್ಕಿಸಿದ್ದೆ. ಈ ಸಲ ಫೋನಿನ ಫೋಟೋ ಅಲ್ಲ, ಎದುರಿಗೇ. ಬಾಯಿ ಬಿಡಬಾರದೆಂದು ಎಲೆ ಅಡಿಕೆ ತುಂಬಿಕೊಂಡೆ. ಅಕ್ಕ ನೀರು ಕುಡಿದಳು. ಬಿಸಿಲಿನ ಸುದ್ದಿ ಹೇಳಿದಳು. ಪೈಪಿನ ಅಂಗಡಿಯವನನ್ನು ಬೈದಳು. ಏನೋ ತಿಥಿ ನೋಡಲು ಕ್ಯಾಲೆಂಡರಿನ ಕಡೆ ತಿರುಗಿದಳು.

ಕನ್ನಡಕ ತೆಗೆದಳು, ಸೆರಗಿನಲ್ಲಿ ಒರೆಸಿದಳು, ಮತ್ತೆ ಹಾಕಿಕೊಂಡಳು. ಎದ್ದು ಹತ್ತಿರ ಹೋದಳು. ಅಡುಗೆಮನೆಯ ಬಾಗಿಲಲ್ಲಿ ಸರೋಜ ಸೌಟು ಹಿಡಿದು ನಿಂತಿದ್ದಳು. ಬದನೆಕಾಯಿಯೋ, ಈರುಳ್ಳಿಯೋ, ಇನ್ಯಾವ ತರಕಾರಿ ಬಾಕಿ ಇದೆಯೋ ಎಂದು ನಾನು ಎಣಿಸುತ್ತ ನಿಂತೆ.

ಅಕ್ಕ ತಿರುಗಿದಳು. ಮುಖ ಕೆಂಪಾಗಿತ್ತು.

"ಲೇ, ಯಾರ್ಲೇ ಇದನ್ನ ಕಿತ್ತಿದ್ದು?"

ನಾನು ಎಲೆ ಅಡಿಕೆ ನುಂಗಿಬಿಟ್ಟೆ.

"ಬೋರಿನ ಪಕ್ಕದ ಸಾಲಿಂದು ಇದು! ಪಡುವಣ ಬಿಸ್ಲು ಹೊಡ್ದಿರಾದು ಆ ಕೊನೆ ಗಿಡಕ್ಕೆ ಮಾತ್ರ. ಈ ಮುಳ್ಳಿನ ಗೆರೆ ನಾನು ದಿನಾ ನೋಡ್ತಿದ್ದೆ. ಇನ್ನೂ ಎಂಟು ದಿನ ಬಿಡ್ಬೇಕಾಗಿತ್ತು ಕಣೋ, ಹಳದಿ ಇನ್ನೂ ಹೋಗಿಲ್ಲ ನೋಡು! ಇಲಿ ತಿಂತೋ ಮಂಗ ತಿಂತೋ ಅಂತ ತೋಟ ಎಲ್ಲ ಹುಡುಕ್ದೆ ನಾನು. ಛತ್ರಿ! ಆವತ್ತು ಛತ್ರಿ ತಬ್ಕಂಡು ಕುಂತಿದ್ದೆ ನೀನು! ಕಳ್ಳ!"

"ಅಕ್ಕ, ಬೈಯೋದು ಆಮೇಲೆ ಬೈ," ಎಂದೆ. "ಮೊದ್ಲು ಅದು ಯಾವ ಹಣ್ಣು ಅಂತ ಹೇಳು."

"ಯಾವ ಹಣ್ಣು ಅಂದ್ರೆ? ನಾನು ನೀರು ಹಾಕಿ ಬೆಳೆಸಿದ ದಾಳಿಂಬ್ರೆ ನಂಗೆ ಗೊತ್ತಾಗಲ್ವೇನೋ?"

ನಾನು ಕುಣಿದೆ. ಮಂಡಿ ನೋವು ಮರೆತು, ಅರವತ್ತೊಂದು ವರ್ಷ ಮರೆತು, ನಡುಮನೆಯಲ್ಲಿ ಎರಡು ಸುತ್ತು ಕುಣಿದೆ. ಸರೋಜ ನಕ್ಕು ನಕ್ಕು ಬಾಗಿಲಿಗೆ ಒರಗಿದಳು. ಅಕ್ಕನಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ಚಿತ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಕಾಗದವನ್ನು ಬೆರಳಲ್ಲಿ ಮೆಲ್ಲಗೆ ಮುಟ್ಟಿದಳು, ಮುಳ್ಳಿನ ಗೆರೆಯ ಮೇಲೆ. "ನೀನು ಬರ್ದಿದ್ದಾ ಇದು?" ಎಂದಳು. ದನಿ ಇಳಿದಿತ್ತು. ನನ್ನ ಗಲ್ಲ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಹಾಗೇ ಸ್ವಲ್ಪ ಹೊತ್ತು ನೋಡಿದಳು. ಇಬ್ಬರ ಕಣ್ಣಲ್ಲೂ ನೀರು ಬಂತು. ಅದನ್ನು ನಿಲ್ಲಿಸುವ ತೂಬು ನನ್ನಲ್ಲಿರಲಿಲ್ಲ.

ಹೊರಡುವಾಗ ಅಕ್ಕ ಚಿತ್ರವನ್ನು ಗೋಡೆಯಿಂದ ತಾನೇ ಬಿಡಿಸಿಕೊಂಡಳು. "ಹಣ್ಣು ನಂದು, ಇದೂ ನಂದೇ. ನಡಿ, ಬಸ್ ಸ್ಟ್ಯಾಂಡ್ ತಂಕ ಹೋಗಾಣ," ಎಂದಳು. ಪೈಪಿನ ಸಾಮಾನನ್ನು ನನ್ನ ತಲೆಗೆ ಹೊರಿಸಿ, ಚಿತ್ರವನ್ನು ಮಾತ್ರ ತಾನೇ ಎದೆಗೊತ್ತಿಕೊಂಡು ನಡೆದಳು. ಈಗ ಅದು ಯಲ್ಲದಕೆರೆಯ ಅವಳ ನಡುಮನೆಯಲ್ಲಿ ಗಾಜು ಹಾಕಿಸಿಕೊಂಡು ಕೂತಿದೆ. ಹಣ್ಣು ಕೊಳ್ಳಲು ಬಂದ ವ್ಯಾಪಾರಿಗಳಿಗೆಲ್ಲ ಅವಳು ಅದನ್ನು ತೋರಿಸಿ, ನಮ್ಮ ತೋಟದ ಹಣ್ಣು ಹೀಗಿರುತ್ತದೆ ಎನ್ನುತ್ತಾಳಂತೆ.

ಬದನೆಕಾಯಿ ಎಂಬ ಹೆಸರು ಆ ಸೋಮವಾರ ತೀರಿಹೋಯಿತು. ನಿನ್ನೆಯೂ ಫೋನ್ ಬಂದಿತ್ತು.

"ಏನ್ಲೇ ದಾಳಿಂಬ್ರೆ ಕಳ್ಳ, ಉಂಡ್ಯಾ?"

"ಉಂಡೆ ಕಣಕ್ಕ," ಎಂದೆ, ಬೀದಿಗೆಲ್ಲ ಕೇಳುವ ಹಾಗೆ.